ಐಶಮ್ಮನ ವಿಳಾಸ

ಆಂಡ್ರಿಯಾ ರೂವಿಯಿಂದ ಬಸ್ಸು ಹಿಡಿದು ಅರಬ್ ನಾಡಿನ ಕಡಲತಡಿಯ ಊರು ಸೂರ್ ತಲುಪುವಷ್ಟರಲ್ಲಿ ಐಶಮ್ಮನ ಮನೆ ಟ್ರೈಲರ್ ಹತ್ತಿಯಾಗಿತ್ತು. ತಗಡಿನ ಡಬ್ಬಿಯಂಥ ಬಿಳಿ ಪೋರ್ಟಾ ಕ್ಯಾಬಿನ್ನಿಗೆ ಅಡ್ಡ ಉದ್ದ ಬೆಲ್ಟು ಬಿಗಿದು, ಡ್ರೈವರ್ ಗುರುವ ಟಯರಿಗೆ ಒದ್ದು ಗಾಳಿ ನೋಡುತ್ತಿದ್ದ. ಮನೆ ಇದ್ದ ಜಾಗದಲ್ಲಿ ಕಾಂಕ್ರೀಟ್ ದಿಮ್ಮಿಗಳಷ್ಟೇ ಉಳಿದಿದ್ದವು. ಅವುಗಳಲ್ಲೊಂದರ ಮೇಲೆ ಐಶಮ್ಮ ಚಹಾದ ಫ್ಲಾಸ್ಕ್ ತಬ್ಬಿಕೊಂಡು ಕುಳಿತಿದ್ದರು.

"ಇಲ್ಲಿಯ ರಸ್ತೆ ಕೆಲಸ ಖಲಾಸ್," ಎಂದರು ಅವರ ಗಂಡ ಮಹಮೂದ್. ರಸ್ತೆ ಕೆಲಸಗಾರರ ಕ್ಯಾಂಪಿನ ಮೆಸ್ಸು ನಡೆಸುವವರು ಅವರೇ. "ಇನ್ನು ಇಬ್ರಾದಲ್ಲಿ. ಮನೆ ಈಗ ಹೋಗ್ತದೆ, ನಾವು ಸಂಜೆ ಕಂಪೆನಿ ಬಸ್ಸಲ್ಲಿ."

ಆಂಡ್ರಿಯಾ ಬಂದ ಕೆಲಸವೂ ಟ್ರೈಲರ್ ಹತ್ತಿತ್ತು. ಎತ್ತಿ ಸಾಗಿಸಬಲ್ಲ ಅಗ್ಗದ ಮನೆಗಳಲ್ಲಿ ಬದುಕುವ ಕುಟುಂಬಗಳ ಬಗ್ಗೆ ಅವಳು ಪಿಎಚ್‌ಡಿ ಮಾಡುತ್ತಿದ್ದಳು. ಖರ್ಚು ಕೊಡುತ್ತಿದ್ದುದು ದೂರದೇಶದ ಒಂದು ವಿಶ್ವವಿದ್ಯಾಲಯ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬಂತೆ, ಅಲ್ಲಿಯ ಸಮಿತಿ ಒಂದು ನಿಯಮ ಹಾಕಿತ್ತು: ವರ್ಷದ ಹಿಂದೆ ಮಾತಾಡಿಸಿದ ಕುಟುಂಬವನ್ನು ಅದೇ ಮನೆಯೊಳಗೆ ಕೂರಿಸಿ ಮತ್ತೆ ಮಾತಾಡಿಸಬೇಕು, ನಡುವೆ ಮನೆ ಬದಲಾಯಿಸಿದವರನ್ನು ಕೈಬಿಡಬೇಕು. ಸಾಗುವ ಮನೆಯವರು ಸಾಗಬಾರದು! ಇಂಥ ನಿಯಮ ಮಾಡಿದ ಪುಣ್ಯಾತ್ಮರು ಖಂಡಿತ ಸ್ವಂತ ಬಂಗಲೆಯವರೇ ಇರಬೇಕು. ಉಳಿದವರೆಲ್ಲ ಒಬ್ಬೊಬ್ಬರಾಗಿ ಕಳಚಿಕೊಂಡು ಐಶಮ್ಮನ ಕುಟುಂಬವೊಂದೇ ಉಳಿದಿತ್ತು. ಇಬ್ರಾ ಸೇರಿದ ಮೇಲೆ ಸಮಿತಿಯ ಲೆಕ್ಕದಲ್ಲಿ ಇವರೂ ಮನೆ ಬದಲಾಯಿಸಿದವರೇ; ಇದೂ ತಪ್ಪಿದರೆ ಫೆಲೋಶಿಪ್ಪಿಗೆ ಎಳ್ಳುನೀರು.

ಅವಳು ತಡವರಿಸುತ್ತ ವಿಷಯ ಹೇಳಿದಳು. "ಅದಕ್ಕೆಂತ ತಲೆಬಿಸಿ?" ಎಂದರು ಮಹಮೂದ್. "ಆಚೆ ಸಾಲಿನಲ್ಲಿ ಇನ್ನೂ ಕ್ಯಾಬಿನ್ ಉಂಟು. ಎಲ್ಲಾ ಒಂದೇ ನಮೂನೆ. ಒಂದರಲ್ಲಿ ಕೂತು ಕೇಳಿ, ಫೋಟೋ ಹೊಡೀರಿ. ನಿಮ್ಮ ಪ್ರೊಫೆಸರಿಗೆ ಎಂತ ಗೊತ್ತಾಗ್ತದೆ?"

ಆಂಡ್ರಿಯಾಳ ಮನಸ್ಸು ಒಂದು ಕ್ಷಣ ಆಚೆ ಸಾಲಿನ ಕಡೆ ಜಾರಿದ್ದು ಸುಳ್ಳಲ್ಲ. ಆದರೆ ಐಶಮ್ಮ ಗಂಡನನ್ನು ದುರುಗುಟ್ಟಿ ನೋಡುತ್ತ ದಿಮ್ಮಿಯಿಂದ ಎದ್ದೇಬಿಟ್ಟರು.

"ಯಾರದೋ ಮನೆಯಲ್ಲಿ ಕೂತು ಇದು ನನ್ನದು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವರ ಅಡುಗೆಕೋಣೆ ನೋಡಿದ್ದೀರಾ ನೀವು? ಆ ಫೋಟೋ ಲೋಕ ಎಲ್ಲ ಸುತ್ತಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದವರೇ ಟ್ರೈಲರಿನತ್ತ ತಿರುಗಿದರು. "ಗುರುವಾ, ಏಣಿ ಇಡು."

ಗುರುವ ತಲೆ ಕೆರೆದುಕೊಂಡ. "ಒಂದು ಚಾ ಕುಡಿಯುವಷ್ಟು ಹೊತ್ತು ಮಾತ್ರ ಐಶಮ್ಮ. ಸೂಪರ್‌ವೈಸರ್ ಸೀಟಿ ಹೊಡೆದ್ರೆ ನಾನು ನಿಲ್ಲುವ ಹಾಗಿಲ್ಲ."

ಮಹಮೂದ್ ಏಣಿ ಹಿಡಿದರು. ಐಶಮ್ಮ ಏದುಸಿರು ಬಿಡುತ್ತ ಹತ್ತಿದರು, ಹಿಂದೆಯೇ ಆಂಡ್ರಿಯಾ. ಒಳಗೆ ಮಂಚ, ಕಪಾಟು ಎಲ್ಲವನ್ನೂ ಹಗ್ಗದಲ್ಲಿ ಬಿಗಿದಿದ್ದರು. ಹೊಸ್ತಿಲು ದಾಟಿದ್ದೇ ತಡ, ಐಶಮ್ಮನಿಗೆ ಗತ್ತು ಬಂತು. ಎರಡು ಕುರ್ಚಿಗಳ ಕಟ್ಟು ಬಿಚ್ಚಿದರು, ಧೂಳು ಒರೆಸಿದರು, ರಟ್ಟಿನ ಪೆಟ್ಟಿಗೆಯೊಂದನ್ನು ಒಡೆದು ಗಾಜಿನ ಲೋಟಗಳನ್ನೇ ಹುಡುಕಿ ತೆಗೆದರು.

"ಆಂಟಿ, ಚಾ ಬೇಡ, ಮೊದಲು ಪ್ರಶ್ನೆ," ಎಂದಳು ಆಂಡ್ರಿಯಾ.

"ಮನೆಗೆ ಬಂದವರು ಬಾಯಿ ಒಣಗಿಸಿಕೊಂಡು ಹೋಗ್ಲಿಕ್ಕುಂಟಾ? ಕೇಳು ನೀನು."

ನೆರೆಹೊರೆಯ ಸಂಬಂಧ ಹೇಗಿದೆ ಎಂಬ ಪ್ರಶ್ನೆಯೇ ಚಹಾದ ಹೊತ್ತನ್ನೆಲ್ಲ ನುಂಗಿತು. ಪಕ್ಕದ ಕ್ಯಾಬಿನ್ನಿನ ಫರ್ಝಾನಾ ಕುಕ್ಕರ್ ಒಯ್ದವಳು ಹಿಂದೆ ಕೊಡದೆಯೇ ಇಬ್ರಾಕ್ಕೆ ಹೋಗಿದ್ದಳು. ಐಶಮ್ಮ ಅದರ ಸೀಟಿಯ ಗುಣಗಾನದಲ್ಲಿದ್ದಾಗ ಹೊರಗೆ ಸೂಪರ್‌ವೈಸರನ ಸೀಟಿ ಕೇಳಿಸಿತು. "ಯಲ್ಲಾ, ಯಲ್ಲಾ!" ಎಂದು ಆತ ಹೊರಡಲು ಅವಸರಿಸಿದ. ಕಿವಿಗೆ ಫೋನ್ ಒತ್ತಿಕೊಂಡಿದ್ದ ಗುರುವ, ಇವರು ಇಳಿದಿರಬೇಕೆಂದು ಗೇರು ಹಾಕಿಯೇಬಿಟ್ಟ. ಬಾಗಿಲಿನಲ್ಲಿ ಮಹಮೂದರ ಮುಖ ಒಮ್ಮೆ ಕಾಣಿಸಿತು. ಆಮೇಲೆ ಏಣಿ ಹೊತ್ತು ಓಡುವ ಅವರ ಇಡೀ ದೇಹ, ಆಮೇಲೆ ಬರೀ ಧೂಳು.

"ಆಂಟಿ, ಮನೆ ಹೊರಟಿತು," ಎಂದಳು ಆಂಡ್ರಿಯಾ, ಮಂಚದ ಕಾಲು ಹಿಡಿದುಕೊಂಡು.

"ಇವರು ಗುರುವನಿಗೆ ಫೋನ್ ಮಾಡ್ತಾರೆ, ರೌಂಡಬೌಟಲ್ಲಿ ನಿಲ್ಲಿಸ್ತಾನೆ. ಲೋಟ ಗಟ್ಟಿ ಹಿಡಿ. ಮುಂದಿನದ್ದು ಕೇಳು."

ಉಳಿದ ಪ್ರಶ್ನೆಗಳು ಗಡಗಡ ಅಲ್ಲಾಡುತ್ತಲೇ ಮುಗಿದವು. ಇನ್ನೊಂದೇ ಬಾಕಿ. ಅದನ್ನು ಕೇಳಲು ಆಂಡ್ರಿಯಾಳಿಗೆ ನಿಜಕ್ಕೂ ಹೆದರಿಕೆಯಾಯಿತು. ಹೌದು ಎಂದರೆ ಎಲ್ಲ ಮುಗಿಯಿತು; ಸುಳ್ಳು ಹೇಳಿ ಎನ್ನಲು ಅವಳಿಗೆ ನಾಲಿಗೆ ಏಳದು, ಹೇಳಲು ಐಶಮ್ಮನೂ ಒಪ್ಪರು. ಅವಳು ಕೊನೆಗೂ ಕೇಳಿದಳು.

"ಕಳೆದ ಒಂದು ವರ್ಷದಲ್ಲಿ ನೀವು ಮನೆ ಬದಲಾಯಿಸಿದ್ದೀರಾ?"

ಐಶಮ್ಮನ ಮುಖ ಸಪ್ಪಗಾಯಿತು. ಇಷ್ಟು ಓದಿದ ಹುಡುಗಿ ಇಂಥದ್ದನ್ನು ಕೇಳುವುದೇ ಎಂಬಂತೆ ಅವಳನ್ನು ನೋಡಿದರು. ಕಿಟಕಿಯಾಚೆ ಪೆಟ್ರೋಲ್ ಬಂಕು ಸರಿದು ಹೋಯಿತು. ಕಡಲ ದಂಡೆಯಲ್ಲಿ ಕಟ್ಟುತ್ತಿದ್ದ ಮರದ ಹಡಗಿನ ಅಸ್ಥಿಪಂಜರವೂ ಸರಿದು ಹೋಯಿತು.

"ನಾನು ನನ್ನ ಮನೆಯಲ್ಲೇ ಕೂತಿದ್ದೇನಲ್ಲ ಮಗಳೇ," ಎಂದು ಅವರು ಲೋಟದಲ್ಲಿದ್ದ ಕೊನೆಯ ಗುಟುಕು ಕುಡಿದರು. "ಹೋಗ್ತಾ ಇರುದು ಸೂರ್. ನೋಡು."