ಒಂದು ರಿಂಗಿನ ಕುಶಲ

ಸುರೇಖಾಳ ಮೊಬೈಲು ಒಂದೇ ಸಲ ರಿಂಗಾಗಿ ಸುಮ್ಮನಾಯಿತು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದರೆ, ತೆರೆಯ ಮೇಲೆ ತಮ್ಮ ಶಶಿಕಾಂತನ ಹೆಸರು. ಶಶಿಕಾಂತನೋ ಎದುರಿಗೇ ಕೂತು, ಬಸಿಗೆ ಸುರುವಿಕೊಂಡು ಚಹಾ ಕುಡಿಯುತ್ತಿದ್ದ.

“ನೀನ ಮಾಡಿದೇನೋ?”

“ಆ ನಂಬರ ಈಗೆಲ್ಲೈತಿ ಅಕ್ಕಾ? ಕರೆನ್ಸಿ ಹಾಕಸ್ಲಿಲ್ಲಂತ ದಸರಾಕ್ಕ ಕಂಪನಿಯವ್ರು ಬಂದ್ ಮಾಡಿದ್ರು. ಬ್ಯಾರೆ ಯಾರಿಗೋ ಕೊಟ್ಟಿರಬೇಕು.”

ಸುರೇಖಾಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಬ್ಯಾಡಗಿಯಿಂದ ಅವಳದೊಂದು ಮಿಸ್ಡ್ ಕಾಲ್ ಹೋದರೆ ಇಲ್ಲಿ ಎಲ್ಲ ಆರಾಮ, ಐರಣಿಯಿಂದ ತಮ್ಮನದೊಂದು ತಿರುಗಿ ಬಂದರೆ ಅಲ್ಲಿಯೂ ಆರಾಮ. ಅದು ಅವರಿಬ್ಬರ ಕರಾರು. ದಸರೆ ಕಳೆದ ಮೇಲೆ ಎರಡು-ಮೂರು ತಿಂಗಳು ತಮ್ಮನ ಫೋನು ಹತ್ತಿರಲಿಲ್ಲ; ಸಂಕ್ರಾಂತಿಗೆ ಮತ್ತೆ ಶುರುವಾದದ್ದು ಯುಗಾದಿ ಬಂದರೂ ಒಂದು ಸಂಜೆಯೂ ತಪ್ಪಿರಲಿಲ್ಲ. ಜ್ವರ ಬಂದು ಮಲಗಿ ಅವಳೇ ಮರೆತ ದಿನ ಮೊಬೈಲು ಮತ್ತೆ ಮತ್ತೆ ರಿಂಗಾಗಿತ್ತು. ತಮ್ಮನಿಗೆ ಎಷ್ಟು ಕಾಳಜಿ ಎಂದು ಕಣ್ಣೀರು ಹಾಕಿದ್ದಳು. ಇವತ್ತು ತಮ್ಮನೇ ಮನೆಗೆ ಬಂದಿದ್ದಾನೆಂದು ಕಾಲ್ ಕೊಟ್ಟಿರಲಿಲ್ಲ.

“ಅಂದ್ರ ಇಷ್ಟು ದಿನಾ ನೀ ನನ್ನ ವಿಚಾರಿಸೇ ಇಲ್ಲೇನು?”

ಶಶಿಕಾಂತ ಬಸಿಯಿಂದ ಮುಖ ಎತ್ತಲಿಲ್ಲ. “ಕೆಲಸದಾಗ ಮರತೆ. ಅಂವ ಯಾವನೋ ಏನೋ, ಆ ನಂಬರ ತಗದುಬಿಡು.”

“ತಡಿ” ಎಂದು ಸುರೇಖಾ ಗುಂಡಿ ಒತ್ತಿದಳು. ಒಂದು ರಿಂಗ್ ಆಗಲು ಬಿಟ್ಟು ಕಟ್ ಮಾಡಿದಳು. “ಯಾರರ ಇರ್ಲಿ, ಪಾಪ, ಕಾಯಾಕತ್ತಿರ್ತಾರ.”