ಕುರ್ಚಿಯ ಹಿಂದೆ ನಿಂತವಳು

ಬಹಳ ವರ್ಷಗಳ ಹಿಂದೆ ಮಗನಿಗೆ ಒಂದು ಮಾತು ಕೊಟ್ಟಿದ್ದೆ, ಒಮ್ಮೆಯೂ ಮುರಿದಿಲ್ಲ ಎಂದು ಲೌ ಅಜ್ಜಿ ಹೇಳಿದಾಗ ಸಂಶೋಧಕಿ ಹೋಯಿ ಲಾಮ್ ನಂಬಲಿಲ್ಲ.

ನಂಬುವುದಾದರೂ ಹೇಗೆ? ಜೂಜಿನ ಚಟ ಹತ್ತಿದವರ ಬಗ್ಗೆ ಸಂಶೋಧನೆ ಮಾಡಲು ಮಕಾವಿನ ಈ ಕ್ಯಾಸಿನೊಗೆ ಬರತೊಡಗಿದ ಮೇಲೆ ಅವಳು ಮಾತನಾಡಿಸಿದವರೆಲ್ಲ ಯಾರಿಗೋ ಮಾತು ಕೊಟ್ಟವರೇ. ಹೆಂಡತಿಗೆ, ತಾಯಿಗೆ, ಸತ್ತ ಅಪ್ಪನ ಫೋಟೊಗೆ. ಇನ್ನು ಆಡುವುದಿಲ್ಲ ಎಂದು ಕಣ್ಣೀರು ಹಾಕಿ, ಮುಖ ತೊಳೆದು, ನೇರ ಇಲ್ಲಿಗೇ ಬಂದವರು.

ಅಜ್ಜಿಯಂತೂ ದಿನಾ ಬೆಳಿಗ್ಗೆ ಕ್ಯಾಸಿನೊದ ಪುಕ್ಕಟೆ ಬಸ್ಸಿಗೆ ಬರುವವಳು. ಊಟದ ಹೊತ್ತಿಗೆ ಚೀಲದಿಂದ ಬನ್ನು ತೆಗೆದು ನಿಂತೇ ತಿನ್ನುವವಳು. ಅವಳ ಕೈಯಲ್ಲಿ ಪಣಕ್ಕಿಡುವ ಬಿಲ್ಲೆಯನ್ನು ಯಾರೂ ಕಂಡಿರಲಿಲ್ಲ. ಎಲ್ಲ ಕಳೆದುಕೊಂಡಾಗಿದೆ, ಆದರೂ ಕಾಲು ಕೇಳುತ್ತಿಲ್ಲ ಎಂದುಕೊಂಡಿದ್ದಳು ಹೋಯಿ ಲಾಮ್.

ಅದಕ್ಕಿಂತ ಕೆಟ್ಟದ್ದೊಂದಿತ್ತು. ಅಜ್ಜಿ ಬೇರೆಯವರ ಕುರ್ಚಿ ಕಸಿಯುತ್ತಿದ್ದಳು.

ಇವತ್ತೂ ಅದೇ ಆಯಿತು. ಬಾಕಾರಾ ಎಂಬ ಇಸ್ಪೀಟಾಟದ ಮೇಜಿನಲ್ಲಿ ತರುಣನೊಬ್ಬ ಎಲೆಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತುತ್ತಿದ್ದ. ಕಣ್ಣು ಕೆಂಪಗಿತ್ತು, ಅಂಗಿ ನಿನ್ನೆಯದು. ಅಜ್ಜಿ ಹಿಂದಿನಿಂದ ಹೋಗಿ ಅವನ ಭುಜದ ಮೇಲೆ ಕೈಯಿಟ್ಟಳು.

ಅವನು ಬೆಂಕಿ ತಗುಲಿದವನಂತೆ ಎದ್ದ. "ಥೂ ಮುದುಕಿ! ನನ್ ಅದೃಷ್ಟಕ್ಕೆ ಮಣ್ಣು ಹಾಕಿದ್ಯಲ್ಲೇ!"

"ಮನೆಗೆ ಹೋಗಪ್ಪಾ. ಊಟ ಆರಿಹೋಗತ್ತೆ."

"ಯಾವ ಊಟ, ನಿನ್ ತಿಥಿದಾ?"

ಬೈಯುತ್ತಲೇ ಉಳಿದ ಬಿಲ್ಲೆಗಳನ್ನು ಬಾಚಿಕೊಂಡು ಹೊರಟ. ಆಡುವಾಗ ಭುಜ ಮುಟ್ಟಿದರೆ ಅದೃಷ್ಟ ಹೋಗುತ್ತದೆಂಬುದು ಜೂಜುಕೋರರ ನಂಬಿಕೆ; ಮುಟ್ಟಿಸಿಕೊಂಡವನು ಆಮೇಲೆ ಆಡುವುದಿಲ್ಲ. ಎಂಥ ಪುಂಡನೂ ಇಲ್ಲಿ ಅದನ್ನು ಮೀರುವುದಿಲ್ಲ. ಖಾಲಿಯಾದ ಕುರ್ಚಿಯಲ್ಲಿ ಅಜ್ಜಿ ಕೂತು ನಿಟ್ಟುಸಿರು ಬಿಟ್ಟಳು.

ಮೇಲ್ವಿಚಾರಕ ಸೌ ಎಂಬವನು ಹೋಯಿ ಲಾಮ್‌ಳ ಪಕ್ಕಕ್ಕೆ ಬಂದ. "ನೋಡಿದ್ರಾ ಮೇಡಂ? ಗೆಲ್ಲೋ ಕುರ್ಚಿ ಹುಡುಕ್ತಾಳೆ, ಪಾಕಡಾ. ನಾಳೆ ಹೀಗೇ ಮಾಡಿದ್ರೆ ಇನ್ಯಾವತ್ತೂ ಒಳಗೆ ಬಿಡಲ್ಲ."

ಹೋಯಿ ಲಾಮ್ ಅಜ್ಜಿಯನ್ನು ಹೊರಗಿನ ಗಂಜಿ ಅಂಗಡಿಗೆ ಕರೆದೊಯ್ದಳು.

"ಅಜ್ಜೀ, ನನ್ನನ್ನ ಒಳಗೆ ಬಿಡಬೇಡಿ ಅಂತ ನೀವೇ ಬರ್ಕೊಡಬಹುದು. ಎಷ್ಟೋ ಜನ ಹಾಗೇ ಚಟ ಬಿಟ್ಟಿದಾರೆ. ನಾನೇ ಜೊತೆಗೆ ಬರ್ತೀನಿ."

ಅಜ್ಜಿ ಚಮಚ ಕೆಳಗಿಟ್ಟಳು. "ಬೇಡ ಮಗಳೇ, ನಿನ್ ದಮ್ಮಯ್ಯ. ಅಲ್ಲಿಗೆ ಹೋಗದಿದ್ರೆ ನಾನು ಬದುಕಲ್ಲ."

ಚಟಗಾರರೆಲ್ಲ ಹೇಳುವುದೂ ಇದನ್ನೇ. "ಮತ್ತೆ ಮಗನಿಗೆ ಕೊಟ್ಟ ಮಾತು?"

"ಮುರಿದಿದ್ರೆ ಚೆನ್ನಾಗಿತ್ತು."

ಹೋಯಿ ಲಾಮ್‌ಗೆ ಅರ್ಥವಾಗಲಿಲ್ಲ. "ಮಗ ಈಗ ಎಲ್ಲಿದಾನೆ?"

"ಅಲ್ಲಿನ ಆ ಆಟದ ಮೇಜಿಂದಲೇ ಎದ್ದು ಸೇತುವೆ ಕಡೆ ನಡ್ಕೊಂಡು ಹೋದ. ಮೀನು ಹಿಡಿಯೋರು ಹೆಣ ತಂದುಕೊಟ್ರು." ಅಜ್ಜಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. "ನಂಗೆ ಆಟ ಬರಲ್ಲ ಮಗಳೇ. ಯಾವ ಎಲೆ ದೊಡ್ಡದು ಅಂತಾನೂ ಗೊತ್ತಿಲ್ಲ."

"ಹಾಗಾದ್ರೆ ಆ ಕುರ್ಚಿ?"

"ಖಾಲಿ ಬಿಟ್ರೆ ಇನ್ಯಾರದೋ ಮಗ ಬಂದು ಕೂತ್ಬಿಡ್ತಾನೆ."

ಗಂಜಿ ಆರಿತ್ತು. ಅಜ್ಜಿ ಉಳಿದದ್ದನ್ನು ಸಣ್ಣ ದನಿಯಲ್ಲಿ ಹೇಳಿದಳು.

ತಾನು ಆಡುವಾಗ ಎಂದೂ ಭುಜ ಮುಟ್ಟಬಾರದೆಂದು ಮಗ ಆಣೆ ಹಾಕಿಸಿಕೊಂಡಿದ್ದ. ಕೊನೆಯ ದಿನ, ಇಡೀ ಮಧ್ಯಾಹ್ನ ಅವನ ಕುರ್ಚಿಯ ಹಿಂದೆಯೇ ನಿಂತಿದ್ದು, ಅವಳು ಮಾತು ಉಳಿಸಿಕೊಂಡಿದ್ದಳು.