ಅಕ್ಕನ ಪಾಲಿನ ಗೆಣಸು

"ನಂಗೆ ಬೇಡ. ವಾಪಸ್ ತಗೊಂಡು ಹೋಗು ಅಂತ ಹೇಳು," ಎಂದಳು ಲೂಪೆ. ಬಾಳೆಲೆಯ ಮೇಲೆ ಹಬೆಯಾಡುತ್ತಿದ್ದ ಹೆಗ್ಗೆಣಸನ್ನು ಅವಳು ತಿರುಗಿಯೂ ನೋಡಲಿಲ್ಲ. ನೆಲದೊಲೆಯಲ್ಲಿ ಬೆಂದ ಅದರ ಘಮ, ಹಾಳಾದ್ದು, ಮನೆಯನ್ನೆಲ್ಲ ತುಂಬಿಕೊಂಡಿತ್ತು.

ತಂದಿಟ್ಟವಳು ತಮ್ಮನ ಹೆಂಡತಿ ಮಲಿಯಾ. ತಮ್ಮ ಸೆಮಿಸಿ ಹೊರಗೆ ಮೆಟ್ಟಿಲ ಮೇಲೆ, ಬೆನ್ನು ಇತ್ತ ಮಾಡಿ ಕೂತಿದ್ದ. ಅಕ್ಕ ಕೂತ ಕೋಣೆಗೆ ಬೆಳೆದ ತಮ್ಮ ಕಾಲಿಡುವುದು ಟೋಂಗಾದಲ್ಲಿ ಉಂಟೇ? ವರ್ಷದ ಮೊದಲ ಗೆಣಸು ಅಕ್ಕನ ಬಾಯಿಗೆ ಬೀಳದೆ ಅವನ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ.

"ಅಕ್ಕ ಡಯಟ್ ಮಾಡ್ತಿದ್ದಾರೆ ಕಣ್ರೀ," ಮಲಿಯಾ ಬೇಕೆಂದೇ ಗಟ್ಟಿಯಾಗಿ ಹೇಳಿದಳು. "ಗೆಣಸಿಲ್ಲ, ಕೆಸವಿನ ಗೆಡ್ಡೆಯಿಲ್ಲ, ಬ್ರೆಡ್ಡಿಲ್ಲ. ಬರೀ ಮೀನು, ಸೊಪ್ಪು. ಈ ವಯಸ್ಸಲ್ಲಿ ಯಾರ ಮದುವೇಲಿ ಕುಣೀಬೇಕೋ!"



ಈ ಡಯಟ್ಟಿನ ನಿಜವಾದ ಕಾರಣ ಗೊತ್ತಿದ್ದದ್ದು ಇಬ್ಬರು ಹೆಂಗಸರಿಗೆ ಮಾತ್ರ. ಸೆಮಿಸಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಲೂಪೆಯ ರಕ್ತ ಹೊಂದುತ್ತದೆ, ಆದರೆ ತೂಕ ಇಳಿದರೆ ಮಾತ್ರ ಅವಳ ಕಿಡ್ನಿ ತೆಗೆಯುತ್ತೇವೆ ಎಂದಿದ್ದರು ಆಕ್ಲೆಂಡಿನಿಂದ ವರ್ಷಕ್ಕೊಮ್ಮೆ ಬರುವ ಡಾಕ್ಟರು. ನಾಳೆ ಬೆಳಿಗ್ಗೆ ಅವರು ತೂಗುತ್ತಾರೆ. ಇವತ್ತು ತಕ್ಕಡಿಯ ಮುಳ್ಳು ಅಂತೂ ಗೆರೆಯ ಮೇಲೆ ಬಂದು ನಿಂತಿತ್ತು. ಒಂದೇ ಒಂದು ಊಟ ಗೆಣಸು ಬಿದ್ದರೂ ಮೈ ಮತ್ತೆ ನೀರು ಹಿಡಿಯುತ್ತದೆ. ಮುಂದಿನ ವರ್ಷದವರೆಗೆ ತಮ್ಮ ಇರುವುದಿಲ್ಲ. ಅವನಿಗೇ ಹೇಳಿಬಿಡೋಣವೆಂದರೆ, ಅಕ್ಕನ ಮೈಗೆ ಕತ್ತಿ ಹಾಕಿಸಿ ಬದುಕುವ ತಮ್ಮ ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಡಾಕ್ಟರು ಹೂಂ ಅಂದಮೇಲೆ ಪಾದ್ರಿಗಳಿಂದ ಹೇಳಿಸಿ ಒಪ್ಪಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

"ನಂಗೊತ್ತಿತ್ತು," ಸೆಮಿಸಿಯ ದನಿ ಕೇಳಿತು. "ಅಕ್ಕಂಗೆ ನನ್ಮೇಲೆ ಮುನಿಸು. ಅಕ್ಕ ನೊಂದ್ರೆ ತಮ್ಮನ ಮೈಗೆ ತಟ್ಟುತ್ತೆ ಅಂತ ಅಜ್ಜಿ ಹೇಳ್ತಿರಲಿಲ್ವಾ? ಈ ಕಾಯಿಲೆ ಅದೇ."

"ಹುಚ್ಚಪ್ಪ! ಮುನಿಸೂ ಇಲ್ಲ, ಮಣ್ಣೂ ಇಲ್ಲ," ಎಂದಳು ಲೂಪೆ.

"ಮತ್ಯಾಕೆ ಮುಟ್ಟಲ್ಲ? ಈ ಊದಿದ ಕಾಲಲ್ಲೇ ಹೋಗಿ ನಾನೇ ಅಗೆದು ತಂದೆ, ಅಕ್ಕಾ. ನೀವು ಬೇಡ ಅಂದಮೇಲೆ ಔಷಧಿ ತಾನೇ ಏನ್ ಮಾಡುತ್ತೆ? ಮಲಿಯಾ, ನಾಳೆಯಿಂದ ಮಾತ್ರೆ ಕೊಡ್ಬೇಡ."

ಅವನ ಬೆನ್ನು ಕುಲುಕುತ್ತಿತ್ತು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಹೀಗೇ ಅತ್ತಿದ್ದ. ಲೂಪೆಯ ಕೈ ತಾನಾಗಿ ಗೆಣಸಿಗೆ ಹೋಯಿತು.

ಮಲಿಯಾ ಅವಳ ಮಣಿಕಟ್ಟು ಹಿಡಿದುಕೊಂಡಳು. "ಅಕ್ಕಾ, ನಾಳೆ..." ಎಂದು ಪಿಸುಗುಟ್ಟಿದಳು.

"ಬಿಡೇ. ಅಳ್ತಿದ್ದಾನೆ."

ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಸಿಪ್ಪೆ ಮಾತ್ರ ಉಳಿಯುವವರೆಗೂ ತಿಂದಳು.

"ತಿಂದ್ರಾ?" ಸೆಮಿಸಿ ಹೊರಗಿನಿಂದಲೇ ಕೇಳಿದ.

"ತಿಂದ್ರು," ಎಂದು ಮಲಿಯಾ ಗೋಡೆಗೆ ಮುಖ ಮಾಡಿಕೊಂಡಳು.

ಸೆಮಿಸಿ ಕಣ್ಣೊರೆಸಿಕೊಂಡು ನಕ್ಕ. "ಹಾಗಾದ್ರೆ ನಂಗೆ ವಾಸಿ ಆದ ಹಾಗೇ ಬಿಡು. ಮಲಿಯಾ, ಗಾಡೀಲಿ ಇನ್ನೊಂದಿದೆ ನೋಡು, ಇದಕ್ಕಿಂತ ದೊಡ್ಡದು. ತಂದು ಅಕ್ಕಂಗೆ ಕೊಡು."